ಬೆನ್ನಿನ ಉದ್ದ

ಹೊನ್ನಾಳಿ
18 ಆಗಸ್ಟ್ 2025

ಪ್ರೀತಿಯ ಅರ್ಪಿತಾ,

ಹೇಗಿದ್ದೀಯ? ಜಗಳೂರಿನ ಶಾಲೆ, ಮಕ್ಕಳು ಎಲ್ಲ ಸರಿಯಾಗಿರಬೇಕು. ನೀನು ಮೂರು ಸಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಅಮ್ಮನ ತಲೆಗೆ ಈ ತೂಕ ಇಳಿಸುವ ಹುಚ್ಚು ಹಾಕಿದವರು ಯಾರು? ಮೂರು ಸಲವೂ ಸಿಗ್ನಲ್ ಇಲ್ಲವೆಂದೆ. ಈ ಚಿಕ್ಕಮ್ಮನದು ತಪ್ಪಾಯಿತು. ಅಂಬಿಕಾಳೇ ಎಂದು ತೀರ್ಮಾನಿಸಿ ನೀನು ಅತ್ತಿಗೆಯ ಜೊತೆ ಮಾತು ಬಿಟ್ಟಿರುವುದೂ ಗೊತ್ತು. ಅಕ್ಕನ ಮಂಚ ಫೋನ್ ಮಾತು ಕೇಳಿಸುವಷ್ಟೇ ದೂರದಲ್ಲಿದೆ. ಅದಕ್ಕೇ ಈ ಕಾಗದ.

ಅಕ್ಕ ಈಗ ಬೆಲ್ಟ್ ಕಟ್ಟಿಕೊಂಡು ಹತ್ತು ನಿಮಿಷ ಕೂರುತ್ತಾಳೆ. ಅರ್ಧ ಬಕೆಟ್ ನೀರು ಎತ್ತಿದ್ದಕ್ಕೆ ಬೆನ್ನುಮೂಳೆ ಕುಸಿಯಿತೆಂದು ನಾವೆಲ್ಲ ಅಂದುಕೊಂಡಿದ್ದೆವು. ಡಾಕ್ಟರು ಎಕ್ಸ್‌ರೇ ನೋಡಿ, “ಈ ಕುಸಿತ ಹೊಸದು, ಈ ಎರಡು ಹಳೇವು” ಅಂದರು. ವರ್ಷದಲ್ಲಿ ಹದಿನೆಂಟು ಕೆ.ಜಿ. ಇಳಿದಿದ್ದಾಳೆ ಎಂದಾಗ ಪೆನ್ನು ಕೆಳಗಿಟ್ಟರು.

ಬಸ್‌ಸ್ಟ್ಯಾಂಡ್ ಹಿಂದಿನ ಆ ತೂಕ ಇಳಿಸುವ ಕ್ಲಬ್ಬಿಗೆ ಹೋಗಿದ್ದೆ. ನಡೆಸುವವನು ಮುರುಗೇಶಪ್ಪ. ಮೊದಲು ಗೊಬ್ಬರ ಮಾರುತ್ತಿದ್ದ, ಈಗ ಊಟದ ಬದಲು ಕುಡಿಯುವ ಪುಡಿ. ಗೋಡೆಯ ತುಂಬ ಹೆಂಗಸರ ಎರಡೆರಡು ಫೋಟೋ. ಮೊದಲಿನದರಲ್ಲಿ ಅಳುಮುಖ, ಆಮೇಲಿನದರಲ್ಲಿ ಲಿಪ್‌ಸ್ಟಿಕ್. ಅಕ್ಕನದೂ ಇದೆ.

“ಕೊಬ್ಬು ಕರಗ್ಸಾಕೆ ಬಂದ್ರು, ಕರಗ್ಸಿದೀವಿ. ಮೂಳೆ ನಮ್ ಸಬ್ಜೆಕ್ಟ್ ಅಲ್ಲ ಮೇಡಮ್,” ಅಂದ.

“ಮುದ್ದೆ, ಹಾಲು, ಮೊಸರು ಬಿಡಿಸಿದ್ಯಾರು?”

“ನಿಮ್ಮಕ್ಕಾರು ಭಾರಿ ಶಿಸ್ತಿನೋರು ಕಣ್ರೀ. ನೀವೂ ಒಂದ್ ವಾರ ಬಂದ್ ನೋಡ್ರಿ. ನಿಮ್ಗೂ ಬೇಕಾಗೈತೆ.”

ನನ್ನ ಸೊಂಟ ನೋಡುತ್ತಲೇ ಅಂದ. ಅವನ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಅಲ್ಲಿ ತೂಕದ ಯಂತ್ರ ಮೂರಿವೆ. ಎತ್ತರ ನೋಡಲು ಗೋಡೆಗೆ ಒಂದು ಗೀಟೂ ಇಲ್ಲ.

ಬೀದಿಯವರೂ ಕಡಿಮೆಯೇನಲ್ಲ. “ಉಡಚಮ್ಮ, ಹುಡುಗಿ ಆಗ್ಬಿಟ್ಯಲ್ಲೇ!” ಎಂದು ಅಕ್ಕನ ಕೆನ್ನೆ ಚಿವುಟಿದವರೇ ಈಗ ಬ್ರೆಡ್ ಹಿಡಿದು ನೋಡಲು ಬರುತ್ತಾರೆ, ಟೀ ಕುಡಿದು ಹೋಗುತ್ತಾರೆ. ನೀನೂ ‘ನನ್ನ ಹೀರೋಯಿನ್’ ಎಂದು ಸ್ಟೇಟಸ್ ಹಾಕಿದ್ದೆ. ನೆನಪಿರಲಿ.

ಇನ್ನು ನಾನು. ಅಕ್ಕನ ಬ್ಲೌಸ್‌ಗಳನ್ನು ಚನ್ನಗಿರಿಯ ನನ್ನ ಅಂಗಡಿಯಲ್ಲೇ ಹೊಲಿಯುವುದು. ಸೊಂಟ, ತೋಳು ಇಳಿದಾಗಲೆಲ್ಲ ಗಿರಾಕಿಗಳಿಗೆ ಕೂಗಿ ಹೇಳುತ್ತಿದ್ದೆ. ಬೆನ್ನಿನ ಉದ್ದವೂ ಹದಿನೈದು ಇಂಚಿನಿಂದ ಹದಿನಾಲ್ಕೂವರೆಗೆ, ಆಮೇಲೆ ಹದಿನಾಲ್ಕಕ್ಕೆ ಬಂತು. ಟೇಪು ಹಿಗ್ಗಿದೆ ಎಂದುಕೊಂಡು ಹೊಸದು ತಂದೆ. ಅದೂ ಹದಿನಾಲ್ಕೇ ತೋರಿಸಿತು. ಅಷ್ಟಕ್ಕೇ ಕತ್ತರಿಸಿ ಹೊಲಿದೆ. ಕೊಬ್ಬು ಕರಗಿದರೆ ಬೆನ್ನು ಗಿಡ್ಡವಾಗುವುದಿಲ್ಲ ಎಂದು ಮೂವತ್ತು ವರ್ಷ ಹೊಲಿದವಳಿಗೆ ಹೊಳೆಯಲಿಲ್ಲ. ಅಳತೆ ಪುಸ್ತಕ ತೋರಿಸಿದಾಗ ಡಾಕ್ಟರು, “ಇದನ್ನ ಆರು ತಿಂಗ್ಳು ಮುಂಚೆ ತರಬೇಕಿತ್ತು ಕಣಮ್ಮ” ಅಂದರು. ಈ ವಯಸ್ಸಿನವರು ತೂಕ ಇಳಿಸಲೇಬೇಕೆಂದರೆ ನಿಧಾನವಾಗಿ, ಸರಿಯಾಗಿ ತಿನ್ನುತ್ತ, ಮೈಗೆ ಕೆಲಸ ಕೊಡುತ್ತ ಇಳಿಸಬೇಕಂತೆ. ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಮಾಂಸಖಂಡ, ಮೂಳೆ ಎಲ್ಲ ಸವೆಯುತ್ತವಂತೆ.

ಇಷ್ಟಾದರೂ ನಿನ್ನೆ ಅಂಬಿಕಾ ಮುದ್ದೆ ತಂದಿಟ್ಟಾಗ ಅಕ್ಕ ಅಂದದ್ದು: “ಅರ್ಧ ತಗಿಯೇ. ಮಲ್ಕಂಡಲ್ಲೇ ಊದಿಬಿಟ್ರೆ ಹೆಂಗೆ?” ಅಂಬಿಕಾ ತುತ್ತು ಮುರಿದು ಅತ್ತೆಯ ಬಾಯಿಗಿಟ್ಟಳು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳೊಡನೆ ನೂರು ಕಾಲ ನೆಟ್ಟಗೆ ನಿಂತು ಬಾಳು.

ನಿನ್ನ ಚಿಕ್ಕಮ್ಮ,
ಸಂಧ್ಯಾರಾಣಿ

ತಾ.ಕ.: ಮರೆತಿದ್ದೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಅಂಬಿಕಾ ಅಲ್ಲ. ಹೋದ ವರ್ಷ ಜೂನ್‌ನಲ್ಲಿ ಅಕ್ಕ ಬ್ಲೌಸ್ ಪೀಸ್ ತಂದಿದ್ದಳು. ಅಂಗಡಿಯಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ನಾನು ಬಟ್ಟೆ ಹರಡಿ, “ಇದು ನಿನ್ನ ಒಂದು ತೋಳಿಗೆ ಆಗ್ತೈತೆ ಕಣಕ್ಕ, ಉಳಿದಿದ್ದಕ್ಕೆ ಶಾಮಿಯಾನದೋರ್ನ ಕೇಳು” ಅಂದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಮಾರನೇ ದಿನವೇ ಕ್ಲಬ್ ಸೇರಿದಳು. ಅಂದು ಅಂಗಡಿಯಲ್ಲಿ ಅವಳ ಪಕ್ಕದಲ್ಲಿದ್ದ ಅಂಬಿಕಾ ಒಬ್ಬಳೇ ನಗಲಿಲ್ಲ. ನಿನ್ನ ಬೈಗುಳ ಎಲ್ಲ ಕೇಳಿಸಿಕೊಂಡೂ ಇಂದಿಗೂ ನನ್ನ ಹೆಸರು ಹೇಳಿಲ್ಲ. ಮೊದಲು ಅವಳಿಗೆ ಫೋನ್ ಮಾಡು.