ಅಜ್ಜಿಯ ದವಡೆಯ ಪರವಾಗಿ

ಹಲ್ಲಿನ ಡಾಕ್ಟರ ಘನ ಸನ್ನಿಧಾನಕ್ಕೆ,

ಅಜ್ಜಿಯ ದವಡೆಯ ಪರ ವಕಾಲತ್ತು ವಹಿಸಿರುವ ಮೊಮ್ಮಗಳ ಬಿನ್ನಹ.

ದವಡೆಯ ಮೂಳೆಗೆ ಕೃತಕ ಹಲ್ಲಿನ ಇಂಪ್ಲಾಂಟ್ ಹಾಕುವ ಮುನ್ನ ತಾವು ಔಷಧಿಗಳ ಬಗ್ಗೆ ಕೇಳಿದಾಗ ಅಜ್ಜಿ "ಏನೂ ಇಲ್ಲಪ್ಪ" ಎಂದರು. ಮೂಳೆ ಗಟ್ಟಿಯಾಗಲೆಂದು ವರ್ಷಗಳಿಂದ ಹಾಕಿಸಿಕೊಳ್ಳುತ್ತಿರುವ ಇಂಜೆಕ್ಷನ್ ಅವರ ಪ್ರಕಾರ ಸೊಂಟದ ಖಾತೆಯದು, ಬಾಯಿಗೂ ಅದಕ್ಕೂ ನಂಟಿಲ್ಲ. ಇಂಪ್ಲಾಂಟ್ ಹಾಕಿದಲ್ಲಿನ ಗಾಯ ಇನ್ನೂ ಮಾಯದಿರಲು ಆ ಇಂಜೆಕ್ಷನ್ನೇ ಕಾರಣವಿರಬಹುದೆಂದು ನಿನ್ನೆ ತಾವು ನನಗೆ ಹೇಳಿದಿರಿ. ಅದನ್ನು ನಿಲ್ಲಿಸಿದರೆ ಸೊಂಟ ಮುರಿದೀತೆಂದು ಮೂಳೆ ಡಾಕ್ಟರು ಹೆದರಿಸುತ್ತಾರೆ.

ದಿನಾ ಬೆಳಗ್ಗೆ ಅಜ್ಜಿ ಬಾಯಿ ತೆರೆದು, ನನ್ನ ಕೈಗೆ ಟಾರ್ಚ್ ಕೊಟ್ಟು, "ಗಾಯ ಕೂಡ್ತೇನೇ, ತುಂಟಿ?" ಎಂದು ಕೇಳುತ್ತಾರೆ. "ಕೂಡ್ತಾ ಇದೆ ಅಜ್ಜಿ" ಎನ್ನುತ್ತೇನೆ.

ಇಂಪ್ಲಾಂಟ್ ತೆಗೆಯಲೇಬೇಕಾದರೆ ದಯವಿಟ್ಟು ತಾವೇ ಅವರಿಗೆ ತಿಳಿಸಿ. ನಾನು ಹೇಳಿದರೆ ತಮಾಷೆಯೆಂದುಕೊಂಡು ನಗುತ್ತಾರೆ.

ಇತಿ, ಕೈಕಟ್ಟಿ ಕುಳಿತಿರುವ
ತುಂಟಿ