ಹಾಲು ಹಾಕಿದವರೇ ಒಡೆಯರು

ಭಾನುವಾರ, 15 ಜೂನ್ 2025. ಕೃಷ್ಣರಾಜಪೇಟೆ.

ನಮ್ಮ ಬೀದಿಯ ಸಂಘದವರು ಕೊಟ್ಟ ಮಾತು: ಇದೇ ಬೀದಿಯ ಜವರಮ್ಮನ ಬೆಕ್ಕನ್ನು ಯಾರೂ ಮುಟ್ಟುವುದಿಲ್ಲ. ಮಾಡಿದ್ದು: ಗೋಣಿಚೀಲಕ್ಕೆ ತುಂಬಿ ದೂರದ ಚಿನಕುರಳಿ ಊರ ಹತ್ತಿರ ಬಿಟ್ಟು ಬಂದರು. ಕೇಳಿದರೆ ನಾವಲ್ಲ ಎಂದರು. ಒಂಬತ್ತನೇ ದಿನ ಬೆಕ್ಕು ನಡೆದೇ ವಾಪಸು ಬಂತು.

ಇವತ್ತು ಸಂಘದ ಸಭೆಯಲ್ಲಿ ಅಧ್ಯಕ್ಷ ನಾಗೇಂದ್ರ ಹೊಸ ನಿಯಮ ಓದಿದ. ಹಾಲು ಹಾಕಿದವರೇ ಬೆಕ್ಕಿನ ಒಡೆಯರು, ಒಡೆಯರು ಅದನ್ನು ಮನೆಯೊಳಗೇ ಕೂಡಿಹಾಕಬೇಕು, ಹೊರಗೆ ಕಂಡರೆ ಮತ್ತೆ ಚೀಲ.

"ಇಲಿ ನನ್ ಮನೇಲ್ ಮಾತ್ರ ಅವಾ ಸ್ವಾಮಿ? ಅದು ತಿರುಗಾಡ್ದೆ ಇಡಿಯೋದೆಂಗೆ?" ಎಂದಳು ಜವರಮ್ಮ.

ನಾಗೇಂದ್ರ ನಕ್ಕ. "ಹಾಲು ಹಾಕೋದು ನೀನೇ ಅಲ್ವೇನಮ್ಮ?"

ಆಗ ಎದ್ದು ನಿಂತದ್ದು ಅವನ ಹೆಂಡತಿ ಪ್ರಿಯಂವದಾ! "ನಾನೂ ಹಾಕ್ತೀನಿ ಕಣ್ರೀ, ದಿನಾ ಬೆಳಿಗ್ಗೆ, ನಮ್ಮ ಹಿತ್ತಿಲಲ್ಲೇ. ಯಾರ ಮನೇಲಿ ಕೂಡಿಹಾಕ್ತೀರಿ, ಹೇಳಿ ನೋಡೋಣ."

"ನಾನೂ ಆಕ್ತೀನಿ", "ನಾನೂವೆ" ಎನ್ನುತ್ತ ಹದಿನಾಲ್ಕು ಹೆಂಗಸರ ಕೈಗಳು ಮೇಲೆದ್ದವು. ಹದಿನಾಲ್ಕು ಮನೆಯ ಬೆಕ್ಕನ್ನು ಒಂದು ಮನೆಯೊಳಗೆ ಕೂಡಿಹಾಕಲು ಯಾರಿಂದಾದೀತು? ನಿಯಮ ಅಲ್ಲೇ ಬಿದ್ದು ಹೋಯಿತು. ಮೂವತ್ತು ವರ್ಷ ಮೈಕು ಹಿಡಿದ ನಾನು ಜವರಮ್ಮನ ಪರ ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಉಳಿಯಲಿ!

ಇನ್ನು ಬಾಕಿ ಇರುವುದು ಚೀಲ ಹಿಡಿದವರ ಕ್ಷಮಾಪಣೆ. ಮುಂದಿನ ಭಾನುವಾರ, ಸಂಜೆ ಐದಕ್ಕೆ, ಜವರಮ್ಮನ ಜಗಲಿಯಲ್ಲೇ ಸಭೆ.