ತಗಡಿನ ಒಳಗಿನ ತಾರೀಖುಗಳು

ಹಾಲ್ವರ್ಸನ್ ಸರ್‌ಗೆ ನಮಸ್ಕಾರ,

ಶನಿವಾರ ಹಳೇ ಟ್ರ್ಯಾಕ್ಟರ್‌ಗಳ ಪ್ರದರ್ಶನದಲ್ಲಿ ನಿಮ್ಮ ಗಾರ್ಡನ್ ಟ್ರ್ಯಾಕ್ಟರ್‌ನ ಬಾನೆಟ್ ಯಾಕೆ ಎತ್ತಲಿಲ್ಲ? "ಬಿಸಿ ಇದೆ, ಮುಟ್ಟಬೇಡಮ್ಮ" ಅಂದ್ರಿ. ಬೆಳಗ್ಗೆಯಿಂದ ಅದನ್ನ ಸ್ಟಾರ್ಟೇ ಮಾಡಿರ್ಲಿಲ್ಲವಲ್ಲ ಸರ್!

ಮಧ್ಯಾಹ್ನ ಮೆರವಣಿಗೆಗೆ ಸ್ಟಾರ್ಟ್ ಮಾಡಿದ್ರಿ. ಅದರ ಸದ್ದು ಕೇಳಿ ಅಜ್ಜ ಕರಿದ ಚೀಸ್ ತಿನ್ನೋದು ನಿಲ್ಲಿಸಿ, "ಬ್ರಿಟಾ, ಅದು ನಮ್ಮ ಎಂಜಿನ್ ಕಣೇ" ಅಂದ್ರು. "ಸುಮ್ನಿರಿ ಅಜ್ಜ, ನಿಮಗೆ ಫೋನ್ ರಿಂಗಾದ್ರೂ ಕೇಳಲ್ಲ" ಅಂತ ರೇಗಿಸಿದೆ.

ಮನೆಗೆ ಬಂದು ನಮ್ಮ ಟ್ರ್ಯಾಕ್ಟರ್ ರಿಪೇರಿ ಗ್ರೂಪಿನ ಹಳೇ ಚಾಟ್ ಪೂರ್ತಿ ಓದಿದೆ. ಅಜ್ಜನ ಟ್ರ್ಯಾಕ್ಟರ್ ಕೆಟ್ಟಾಗ ನಾನು ಹಾಕಿದ ಒಂದೇ ಫೋಟೋ ನೋಡಿ, "ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ, ಹೊಸ ಎಂಜಿನ್ ಕೂರಿಸು" ಅಂದವರು ನೀವು. ಹಳೇದನ್ನ ಗುಜರಿಗೆ ಹಾಕ್ತೀನಿ ಅಂತ ಒಯ್ದವರೂ ನೀವೇ. ನಿಮ್ಮ ಒಂದೊಂದು ಮೆಸೇಜನ್ನೂ ಸೇವ್ ಮಾಡಿಟ್ಟುಕೊಂಡಿರೋ ಅಭಿಮಾನಿ ನಾನು. ಅದಕ್ಕೇ ಆಗ ನೀವು ಹೇಳಿದ್ದನ್ನ ಹಾಗೇ ನಂಬಿಬಿಟ್ಟೆ.

ಹೊಸ ಎಂಜಿನ್ ಚೆನ್ನಾಗೇ ಓಡ್ತಿದೆ. ಅಜ್ಜ ಮಾತ್ರ ಆ ಟ್ರ್ಯಾಕ್ಟರ್ ಹತ್ತೋದೇ ಬಿಟ್ಟಿದ್ದಾರೆ.

ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಆಯಿಲ್ ಬದಲಾಯಿಸಿದಾಗೆಲ್ಲ ಅಜ್ಜ ಆ ಹಳೇ ಎಂಜಿನ್‌ನ ಫ್ಯಾನ್ ಮುಚ್ಚೋ ತಗಡನ್ನ ಬಿಚ್ಚಿ, ಅದರ ಒಳಗೆ ಮೊಳೆಯಿಂದ ತಾರೀಖು ಗೀಚ್ತಿದ್ರು. ಮೂವತ್ತೆರಡು ವರ್ಷದ ತಾರೀಖುಗಳು. ಹೊರಗೆ ಹೊಸ ಬಣ್ಣ ಹೊಡೆದಿದ್ರೂ ನೀವು ಒಳಗೆ ನೋಡಿರಲ್ಲ.

ನಿಮ್ಮ ಟ್ರ್ಯಾಕ್ಟರ್‌ನಲ್ಲಿರೋದು ಅಜ್ಜನ ಎಂಜಿನ್ನೇ ಅನ್ನೋ ನನ್ನ ಅನುಮಾನ ತಪ್ಪಾದ್ರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಭಾನುವಾರ ಅಜ್ಜನನ್ನ ಕರ್ಕೊಂಡು, ಸ್ಪ್ಯಾನರ್ ಹಿಡ್ಕೊಂಡು ಬರ್ತೀನಿ. ಆ ತಗಡನ್ನ ನಮ್ಮೆದುರೇ ಬಿಚ್ತೀರಾ?

ಇವತ್ತಿನವರೆಗಂತೂ ನಿಮ್ಮ ಅಭಿಮಾನಿ,
ಬ್ರಿಟಾ ನೈಗಾರ್ಡ್